ಸೀಟಿಲ್ಲದ ಬೈಕು, ಸ್ಲೋ ಸೈಕಲ್ ರೇಸು

ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ, ಮಗ ನೋಡಿದರೆ ರಂಪವಾಗುತ್ತದೆ ಎಂದಿದ್ದಾರೆ, ಹಾಕಿಲ್ಲ.

“ಹೋದ ತಿಂಗಳು ನೀವು ಟ್ರಯಲ್ಸ್ ಬೈಕ್ ಸವಾರಿಯ ಬಗ್ಗೆ ಎರಡು ಪುಟ ಬರೆದಿರಿ. ಅದನ್ನು ಓದಿ, ಮೊಬೈಲಿನಲ್ಲಿ ವಿಡಿಯೊ ನೋಡಿ, ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುವ ನನ್ನ ಮಗ ಯುರೋಪಿನಿಂದ ಅಂಥದ್ದೊಂದು ತರಿಸಿಕೊಡಿ ಎಂದು ಕೂತಿದ್ದಾನೆ. ಆ ಬೈಕಿಗೆ ಸೀಟೇ ಇಲ್ಲ! ಅದು ಆಗದಿದ್ದರೆ 450 ಸಿಸಿಯ ಅಡ್ವೆಂಚರ್ ಬೈಕಾದರೂ ಬೇಕಂತೆ. ನಡೆದು ಹೋಗುವವನಿಗಿಂತ ನಿಧಾನವಾಗಿ ಬಂಡೆ ಹತ್ತುವುದು ಅದ್ಯಾವ ಕ್ರೀಡೆ? ನಮ್ಮೂರ ಹಳೆಯ ಕಲ್ಲುಕಣಿಯಲ್ಲಿ ಕೆಲವು ವರ್ಷದ ಕೆಳಗೆ ಎಂಟು ಹುಡುಗರು ಭಾನುವಾರ ಭಾನುವಾರ ಈ ಸರ್ಕಸ್ ಮಾಡುತ್ತಿದ್ದರು. ಈಗ ಇಬ್ಬರು. ಸಾಯುತ್ತಿರುವ ಆಟಕ್ಕೆ ದುಡ್ಡು ಸುರಿಯಬೇಕೇ? ಕೊಟ್ಟಿಗೆಯ ಮೂಲೆಯಲ್ಲಿ ನನ್ನ ತಮ್ಮನ ಹಳೆಯ ಯಮಹಾ ಬೈಕು, ಆರ್‌ಎಕ್ಸ್ 100 ನಿಂತಿದೆ. ಅದನ್ನು ಮಾರಿ, ಮೇಲಿಷ್ಟು ಹಾಕಿ, ಏನಾದರೊಂದು ಕೊಡಿಸೋಣ ಎಂದಿದ್ದೇನೆ. ಯಾವುದು ಕೊಡಿಸಲಿ?”

ಸ್ವಾಮಿ, ಮೊದಲು ಕೊನೆಯ ಮಾತಿಗೆ ಉತ್ತರ: ಮಾರಬೇಡಿ. ಯಾರಾದರೂ ನೋಟಿನ ಕಂತೆ ಹಿಡಿದು ಅಂಗಳಕ್ಕೆ ಬಂದರೂ ಕೊಟ್ಟಿಗೆಗೆ ಬೀಗ ಜಡಿದು ತೋಟಕ್ಕೆ ಹೋಗಿಬಿಡಿ. ಯಾಕೆ ಎನ್ನುವುದಕ್ಕೆ ಸ್ವಲ್ಪ ಸುತ್ತಿ ಬರಬೇಕು. ಈ ವಿಷಯ ಸಿಕ್ಕರೆ ನಾನು ಬೇಗ ಮುಗಿಸುವವನಲ್ಲ ಎನ್ನುವುದು ಹಳೆಯ ಓದುಗರಾದ ನಿಮಗೆ ಗೊತ್ತಿರುವುದೇ.

ಅದ್ಯಾವ ಕ್ರೀಡೆ ಎಂದಿರಿ. ನೀವು ನೋಡಿರುವ ಕ್ರೀಡೆಯೇ ಮಾರಾಯ್ರೆ. ಗಣಪತಿ ಹಬ್ಬದಲ್ಲಿ ಶಾಲೆ ಮೈದಾನದಲ್ಲಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಸ್ಲೋ ಸೈಕಲ್ ರೇಸ್ ಮಾಡುತ್ತಿರಲಿಲ್ಲವೇ? ಕಾಲು ನೆಲಕ್ಕೆ ತಾಗಿದರೆ ಔಟ್, ಪಕ್ಕದವನ ಗೆರೆಗೆ ಹೋದರೆ ಔಟ್, ಎಲ್ಲರಿಗಿಂತ ಕೊನೆಗೆ ಮುಟ್ಟಿದವನಿಗೆ ಪ್ಲಾಸ್ಟಿಕ್ ಬಕೆಟ್ಟು. ನಮ್ಮೂರಲ್ಲಿ ಪ್ರತಿ ವರ್ಷ ಆ ಬಕೆಟ್ಟು ಪೋಸ್ಟ್‌ಮ್ಯಾನ್ ಮನೆಗೇ ಹೋಗುತ್ತಿತ್ತು. ಹೈಸ್ಕೂಲು ಹುಡುಗರೆಲ್ಲ ಹತ್ತಡಿಯಲ್ಲೇ ಧೊಪ್ಪೆಂದರೆ ಈ ಮನುಷ್ಯ ತಪಾಲು ಚೀಲ ಹೆಗಲಿಗೆ ಹಾಕಿಕೊಂಡೇ ದೇವರ ಪಲ್ಲಕ್ಕಿಯ ಹಾಗೆ ಬರುತ್ತಿದ್ದರು. ಗುಟ್ಟೇನು ಎಂದು ಒಮ್ಮೆ ಕೇಳಿದ್ದೆ. “ಮುಂದಿನ ಗಾಲಿ ನೋಡ್ಬೇಡ ತಮಾ, ಆಚೆ ಕೂತ ಗಣಪತಿ ನೋಡು” ಎಂದಿದ್ದರು. ಎಷ್ಟೋ ವರ್ಷದ ಮೇಲೆ ಟ್ರಯಲ್ಸ್ ಕಲಿಸುವವರ ಬರಹ ಓದುವಾಗ ಮೊದಲ ಪಾಠದಲ್ಲೇ ಅದೇ ಮಾತು ಸಿಕ್ಕಿತು. ಗಣಪತಿ ಒಬ್ಬ ಇರಲಿಲ್ಲ, ಅಷ್ಟೆ.

ಟ್ರಯಲ್ಸ್ ಎಂದರೆ ಆ ಮೈದಾನಕ್ಕೆ ಬಂಡೆ, ಹಳ್ಳ, ಬೇರು, ಧರೆ ಸೇರಿಸಿದಂತೆ. ಎರಡೂ ಕಡೆ ಪಟ್ಟಿ ಕಟ್ಟಿದ ಸಣ್ಣ ದಾರಿಗೆ ಸೆಕ್ಷನ್ ಎನ್ನುತ್ತಾರೆ. ಒಮ್ಮೆ ಕಾಲೂರಿದರೆ ಒಂದು ಅಂಕ, ಎರಡು ಸಲಕ್ಕೆ ಎರಡು, ಮೂರಕ್ಕೆ ಮೂರು, ಆಮೇಲೆ ಎಷ್ಟು ಸಲ ಊರಿದರೂ ಮೂರೇ. ಬಿದ್ದರೆ, ಪಟ್ಟಿ ದಾಟಿದರೆ ಐದು. ಇಲ್ಲಿ ಅಂಕ ಎಂದರೆ ದಂಡ, ಕಡಿಮೆ ಇದ್ದವನೇ ಗೆದ್ದವ. ಸ್ಕಾಟ್ಲೆಂಡಿನಲ್ಲಿ 1909ರಿಂದ ನಡೆದು ಬಂದ ‘ಆರು ದಿನದ ಟ್ರಯಲ್’ ಇದೆ. ದಿನಕ್ಕೆ ಮೂವತ್ತು ಸೆಕ್ಷನ್, ಮಳೆ, ಜೌಗು, ಚಳಿ. ನಮ್ಮ ಆಷಾಢದ ಹಾಗೇ, ಉಂಬಳ ಒಂದಿಲ್ಲ. ಸಾಯುತ್ತಿರುವ ಆಟ ಎಂದಿರಲ್ಲ, ಅಲ್ಲಿ ಇರುವ ಜಾಗಕ್ಕಿಂತ ಹೆಸರು ಕೊಡುವವರೇ ಹೆಚ್ಚಾಗಿ, ಈಗಲೂ ಚೀಟಿ ಎತ್ತಿ ಆರಿಸುತ್ತಾರೆ.

ಈಗ ಬೈಕಿನ ಮಾತು. ಅಡ್ವೆಂಚರ್ ಬೈಕು ಕೆಟ್ಟದ್ದು ಎನ್ನಲಾರೆ. ಶಿವಮೊಗ್ಗದಿಂದ ಹಿಮಾಚಲದ ಸ್ಪಿತಿಗೆ ಹೋಗಿ ಬರುವವರಿಗೆ ಅದು ಒಳ್ಳೆಯದೇ: ದೊಡ್ಡ ಟ್ಯಾಂಕು, ನೆಟ್ಟಗೆ ಕೂರುವ ಸೀಟು, ಪೆಟ್ಟಿಗೆ ಕಟ್ಟುವ ಜಾಗ. ಇಷ್ಟು ಹೊಗಳಿದರೆ ಸಾಕು ಅನ್ನಿಸುತ್ತದೆ.

ಯಾಕೆಂದರೆ ನನಗೂ ಅಂಥದ್ದೊಂದಿತ್ತು. ನಲವತ್ತಾರು ತುಂಬಿದ ವರ್ಷ ಕೊಂಡೆ, ಆ ವಯಸ್ಸಿನ ಗಂಡಸರು ಕೊಳ್ಳುವ ಹಾಗೆ. ಮೊದಲ ಮಳೆಗಾಲದಲ್ಲೇ ನಗರದಿಂದ ಆಚೆ ಜಂಬಿಟ್ಟಿಗೆಯ ಏರಿನಲ್ಲಿ, ಪಾಚಿ ಕಟ್ಟಿದ ಕಲ್ಲಿನ ಮೇಲೆ, ಗಾಡಿ ಮೆಲ್ಲಗೆ ಎಡಕ್ಕೆ ಒರಗಿತು. ತಡೆಯೋಣ ಎಂದು ಕಾಲು ಕೊಟ್ಟೆ. ಸುಮಾರು ಇನ್ನೂರು ಕಿಲೋ. ಕಾಲು ಎಷ್ಟರ ಮಟ್ಟಿಗೆ ತಡೆದೀತು? ಗೆಳೆಯರು ಬರುವ ತನಕ ಅದರಡಿಯಲ್ಲೇ ಮಲಗಿದ್ದೆ. ಆಗ ಹಾಲಿನ ಕ್ಯಾನು ಎರಡೂ ಕಡೆ ನೇತುಹಾಕಿಕೊಂಡ ಮೊಪೆಡ್ಡೊಂದು ಅದೇ ಏರನ್ನು ಕಾಲೂರದೆ ಹತ್ತಿ ಬಂತು. ಆತ ಮೊಪೆಡ್ ನಿಲ್ಲಿಸಿ, “ಏನ್ ಸಾರ್, ಗಾಡಿ ಮಲಗಿದ್ಯಾ?” ಎಂದ. ಆರು ವಾರ ಪ್ಲಾಸ್ಟರ್ ಹಾಕಿಕೊಂಡು ಕೂತಾಗ ನನ್ನ ಕಿವಿಯಲ್ಲಿ ಆ ಪ್ರಶ್ನೆಯೇ. ಆನೆ ಭಾರ ಆನೆಗೆ ಸರಿ, ಸ್ವಾಮಿ. ಸಕ್ರೆಬೈಲಿನ ಆನೆ ಬಿಡಾರದಲ್ಲಿ ನೋಡಿದ್ದೀರಿ, ಅದು ಇಳಿಜಾರಿನಲ್ಲಿ ಒಂದೊಂದೇ ಪಾದ ಒತ್ತಿ ನೋಡಿ ಇಳಿಯುತ್ತದೆ. ನಾವು ಭಾರ ಮಾತ್ರ ತಂದುಕೊಂಡೆವು, ಆ ಪಾದ ತರಲಿಲ್ಲ.

ತೂಕದ ಈ ಪಾಠವನ್ನು ಟ್ರಯಲ್ಸ್ ಜಗತ್ತು ಅರವತ್ತು ವರ್ಷದ ಹಿಂದೆಯೇ ಕಲಿತಿತ್ತು. ಅಲ್ಲಿಯವರೆಗೆ ಬ್ರಿಟನ್ನಿನ ದಪ್ಪ ಫೋರ್ ಸ್ಟ್ರೋಕ್ ಎಂಜಿನ್ ಬೈಕುಗಳದ್ದೇ ರಾಜ್ಯ. ನಾವು ಮೀಸೆ ತಿರುವುತ್ತಾ ಓಡಿಸುವ ಬುಲೆಟ್ಟೂ ಆ ಪೈಕಿಯದ್ದೇ. ಹಿಂದಿನ ಚಕ್ರ ಮೇಲೆ ಕೆಳಗೆ ಆಡಲು ಬಿಡುವ ಸ್ವಿಂಗ್‌ಆರ್ಮ್ ಸಸ್ಪೆನ್ಷನ್ ಇಟ್ಟ ಬುಲೆಟ್ ಮೊದಲು ಜನರ ಕಣ್ಣಿಗೆ ಬಿದ್ದದ್ದು 1948ರಲ್ಲಿ, ಒಂದು ಟ್ರಯಲ್ಸ್ ಸ್ಪರ್ಧೆಯಲ್ಲಿ. ಜಾನಿ ಬ್ರಿಟನ್ ಎಂಬವರು 350 ಬುಲೆಟ್ ಮೇಲೆ ಸ್ಕಾಟ್ಲೆಂಡಿನ ಆರು ದಿನದ ಟ್ರಯಲ್ಲನ್ನು 1952ರಲ್ಲಿ ಗೆದ್ದರು, 1957ರಲ್ಲಿ ಮತ್ತೆ ಗೆದ್ದರು. ನಮ್ಮಲ್ಲಿ ಬುಲೆಟ್ ಎಂದರೆ ಹೊನ್ನಾಳಿ ರಸ್ತೆಯಲ್ಲಿ ಗುಡುಗುಡು ಸದ್ದು, ಮದುವೆ ಮನೆಗೆ ಹೋಗುವ ಗತ್ತು. ಬಂಡೆ ಹತ್ತಲು ಹುಟ್ಟಿದ ಗಾಡಿ ಅದು ಎಂದರೆ ಎಷ್ಟು ಜನ ನಂಬುತ್ತಾರೆ? 2019ರಲ್ಲಿ ‘ಬುಲೆಟ್ ಟ್ರಯಲ್ಸ್’ ಎಂಬ ಹೆಸರಿನಲ್ಲಿ ಒಂದು ಬಂತು, ಮರುವರ್ಷವೇ ನಿಂತಿತು. ಬಣ್ಣ, ಹ್ಯಾಂಡಲ್ಲು, ಮೇಲೆತ್ತಿದ ಸೈಲೆನ್ಸರು ಎಲ್ಲ ಹಳೆಯ ಫೋಟೊದ ಹಾಗೇ ಇದ್ದವು. ತೂಕ ಇಳಿಸುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಇನ್ನು ಸ್ಯಾಮಿ ಮಿಲ್ಲರ್. ಬೆಲ್‌ಫಾಸ್ಟ್ ಮೂಲದ ಈ ಸವಾರ ಏರಿಯಲ್ ಎಂಬ ಬ್ರಿಟಿಷ್ ಬೈಕನ್ನು ಗ್ರಾಂ ಲೆಕ್ಕದಲ್ಲಿ ಹೆರೆದು ಹೆರೆದು ನೂರಹತ್ತು ಕಿಲೋ ಆಸುಪಾಸಿಗೆ ತಂದಿದ್ದರು. ಇನ್ನು ಹೆರೆಯಲು ಏನೂ ಉಳಿಯದಾಗ, 1964ರಲ್ಲಿ ಸ್ಪೇನಿನ ಬುಲ್ಟಾಕೊ ಕಂಪನಿಗೆ ಹೋಗಿ ಪುಟ್ಟ ಟೂ ಸ್ಟ್ರೋಕ್ ಬೈಕೊಂದನ್ನು ಟ್ರಯಲ್ಸ್‌ಗೆ ಹದ ಮಾಡಿದರು. ಅದರ ಹೆಸರು ಶೆರ್ಪಾ. 1965ರಲ್ಲಿ ಅದೇ ಗಾಡಿಯಲ್ಲಿ ಸ್ಕಾಟ್ಲೆಂಡ್ ಗೆದ್ದರು. ದಪ್ಪ ಬೈಕುಗಳ ರಾಜ್ಯ ಅಲ್ಲಿಗೆ ಮುಗಿಯಿತು. ತಮ್ಮ ಜೀವಮಾನದಲ್ಲಿ ಸಾವಿರಕ್ಕೂ ಹೆಚ್ಚು ಸ್ಪರ್ಧೆ ಗೆದ್ದ ಮನುಷ್ಯ ಕಂಡುಕೊಂಡದ್ದನ್ನು ನಮ್ಮ ಹಾಲಿನವನು ಯಾರಿಂದಲೂ ಕೇಳದೆ ಕಂಡುಕೊಂಡಿದ್ದ.

ಹಾಗಾದರೆ ಮಗ ಕೇಳುವ ಸೀಟಿಲ್ಲದ್ದೇ ಸರಿಯಲ್ಲವೇ, ಎಪ್ಪತ್ತು ಕಿಲೋ ಸುಮಾರು ಅಲ್ಲವೇ ಎಂದು ನೀವು ಕೇಳಬಹುದು. ಕೇಳಬೇಕಾದ್ದೇ. ನನ್ನ ವಾದ ನನಗೇ ತಿರುಗಿ ಬೀಳುವುದು ಇಲ್ಲಿ. ಹಗುರ, ಇನ್ನೂ ಹಗುರ ಎಂದು ಹೋಗಿ ಹೋಗಿ ಟ್ಯಾಂಕು ಎರಡು ಮೂರು ಲೀಟರಿಗೆ ಇಳಿಯಿತು, ಸೀಟು ಹೋಯಿತು. ಬೈಕು ಬಂಡೆ ಹತ್ತಲು ಬಿಟ್ಟರೆ ಬೇರೆ ಯಾವುದಕ್ಕೂ ಬಾರದ್ದಾಯಿತು. ಬೈಕು ಚುರುಕಾದಷ್ಟೂ ಸೆಕ್ಷನ್ ಕಷ್ಟ ಮಾಡಿದರು, ಸೆಕ್ಷನ್ ಕಷ್ಟವಾದಷ್ಟೂ ಬೈಕು ಇನ್ನೂ ಚುರುಕಾಯಿತು. ನಡುವೆ ಸಾಮಾನ್ಯ ಮನುಷ್ಯ ಎದ್ದು ಹೋದ. ಹಿಂದೆ ಭಾನುವಾರ ಸ್ಪರ್ಧೆಗೆ ತಂದ ಬೈಕನ್ನೇ ಸೋಮವಾರ ಕೆಲಸಕ್ಕೆ ಓಡಿಸಿಕೊಂಡು ಹೋಗುತ್ತಿದ್ದರು. ಈಗ ಬೈಕನ್ನು ಹೊತ್ತು ತರಲು ಇನ್ನೊಂದು ಗಾಡಿ ಬೇಕು. ಬ್ರಿಟನ್ನಿನಲ್ಲಿ ಎಷ್ಟೋ ಜನ ಮತ್ತೆ ಹಿಂದೆ ಎರಡು ಶಾಕ್ ಅಬ್ಸಾರ್ಬರ್ ಇರುವ ಹಳೆಯ ಬೈಕುಗಳನ್ನು ಹೊರತೆಗೆದು ಸುಲಭದ ಸೆಕ್ಷನ್‌ಗಳಲ್ಲಿ ಆಡುತ್ತಿರುವುದು ಇದಕ್ಕೇ. ಅದು ಹಳೆಯದರ ಮೋಹ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಅವರಿಗೆ ಭಾನುವಾರ ವಾಪಸು ಬೇಕಾಗಿದೆ.

ನಮ್ಮಲ್ಲಂತೂ ಆ ಬೈಕಿಗೆ ಆಮದು ಸುಂಕ ಕಟ್ಟಬೇಕು, ರಸ್ತೆಗೆ ಇಳಿಸಲು ನಂಬರ್ ಪ್ಲೇಟ್ ಸಿಗುವುದಿಲ್ಲ, ಕ್ಲಚ್ ಪ್ಲೇಟ್ ಹೋದರೆ ಬಾರ್ಸಿಲೋನಾದ ಕಡೆ ಮುಖ ಮಾಡಿ ಕೂರಬೇಕು. ಗ್ಯಾರೇಜಿನ ಹುಡುಗ ಅದನ್ನು ಮುಟ್ಟಲೂ ಹೆದರುತ್ತಾನೆ. ಬೀಳುವುದು ಕಲಿಯಬೇಕಾದ ಆಟಕ್ಕೆ ಬಿದ್ದರೆ ಅಳು ಬರುವ ಬೈಕು ಕೊಡಿಸುವುದೇ?

ನಿಮ್ಮ ಎಂಟು ಹುಡುಗರ ಲೆಕ್ಕಕ್ಕೆ ಬರೋಣ. ಎಂಟು ಹೋಗಿ ಎರಡಾಯಿತು ಎಂದಿರಿ, ಉಳಿದ ಆರು ಎಲ್ಲಿ ಎಂದು ಬರೆಯಲಿಲ್ಲ. ಊಹಿಸಲೇ? ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದ ಹುಡುಗರು ಅವರು. ಜಗಲಿಯಲ್ಲಿ ಕೂತು, ನೆಟ್‌ವರ್ಕ್‌ಗೆ ಗುಡ್ಡ ಹತ್ತಿ, ಸಂಜೆ ಏನು ಮಾಡುವುದೆಂದು ತಿಳಿಯದೆ ಅಪ್ಪನ ಹಳೆಯ ಗಾಡಿ ಹೊರಗೆ ತೆಗೆದವರು. ಆಫೀಸಿನವರು ಕರೆದರು, ಹೋದರು. ಕಲ್ಲುಕಣಿಗೆ ಬರುವವರು ಕಡಿಮೆಯಾದರು ಎಂದು ಬೈಕ್ ಆಟವನ್ನು ಯಾಕೆ ಬೈಯುತ್ತೀರಿ? ನಿಮ್ಮ ಊರಿನ ಯಕ್ಷಗಾನ ಸಂಘಕ್ಕೆ ಚೆಂಡೆ ಬಾರಿಸಲು ಹುಡುಗರಿದ್ದಾರೆಯೇ? ವಾಲಿಬಾಲ್ ನೆಟ್ ಕಟ್ಟುವವರಿದ್ದಾರೆಯೇ? ಅಡಿಕೆ ಕೊನೆ ಇಳಿಸಲು ಜನವಿಲ್ಲ ಎಂದು ಹೋದ ವರ್ಷ ಇದೇ ಅಂಕಣಕ್ಕೆ ಎರಡು ಪುಟ ಬರೆದವರು ನೀವೇ.

ಸ್ವಲ್ಪ ಬೈಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಉಳಿದವರನ್ನು ಮೈದಾನಕ್ಕೆ ಬಿಡದವರು ನಾವು. ಸೈಕಲ್ಲಿನ ಒಳಪೆಡ್ಲು ಹೊಡೆದು, ಮಂಡಿ ತರಚಿಕೊಂಡು, ಗಾಯಕ್ಕೆ ಕಮ್ಯುನಿಸ್ಟ್ ಸೊಪ್ಪು ಹಿಂಡಿಕೊಂಡು ಬೆಳೆದ ನಾವೇ ಮಕ್ಕಳನ್ನು ಅಂಗಳದಿಂದ ಶಾಲೆ ಬಸ್ಸಿಗೆ, ಬಸ್ಸಿನಿಂದ ಟ್ಯೂಷನ್ನಿಗೆ ಕಾಲಿಗೆ ಮಣ್ಣು ತಾಗದ ಹಾಗೆ ದಾಟಿಸಿದೆವು. ಹಳ್ಳದ ಸಂಕ ದಾಟುವುದು ಗೊತ್ತಿಲ್ಲದ ಮಲೆನಾಡಿನ ಮಕ್ಕಳಿದ್ದಾರೆ ಈಗ. ಹದಿನೆಂಟಕ್ಕೆ ಅದೇ ಹುಡುಗನಿಗೆ ಗಂಟೆಗೆ ನೂರೈವತ್ತು ಕಿಲೋಮೀಟರ್ ಹೋಗುವ ಬೈಕು ಕೊಡಿಸುತ್ತೇವೆ. ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ತಿರುಗಿಸಲು ಏನು ಕಲಿಯಬೇಕು? ನಿಧಾನ ಹೋಗಲು ಕಲಿಯಬೇಕು. ಆಗುಂಬೆ ಘಾಟಿಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ ಅರ್ಧ ಕ್ಲಚ್ಚಿನಲ್ಲಿ ಗಾಡಿ ಹಿಡಿದು ನಿಲ್ಲಿಸಲು ಬಾರದೆ ಕಾಲೊದೆಯುವವರನ್ನು ನೋಡಿ ನೋಡಿ ಸಾಕಾಗಿದೆ.

ಟ್ರಯಲ್ಸ್‌ನ ದೊಡ್ಡವರಲ್ಲೂ ಎಷ್ಟೋ ಜನ ಶುರು ಮಾಡಿದ್ದು ಸೈಕಲ್ಲಿನಿಂದಲೇ. 2007ರಿಂದ 2024ರ ತನಕ ವಿಶ್ವ ಪಟ್ಟವನ್ನು ವರ್ಷ ಬಿಡದೆ ಬಯಲಿನಲ್ಲೂ ಒಳಾಂಗಣದಲ್ಲೂ ಗೆದ್ದ ಸ್ಪೇನಿನ ಟೋನಿ ಬೌ ಹುಡುಗನಾಗಿದ್ದಾಗ ಸೈಕಲ್ ಟ್ರಯಲ್ಸ್ ಆಡಿದವರು. ಆ ಸೈಕಲ್ ಆಟ ಹುಟ್ಟಿದ್ದಾದರೂ ಹೇಗೆ? ಮಾಂಟೆಸಾ ಬೈಕ್ ಕಂಪನಿಯ ಪೆರೆ ಪಿ ಎಂಬವರು ತಮ್ಮ ಪುಟ್ಟ ಮಗನಿಗೆ ಬೈಕಿನ ಬದಲು ಸೈಕಲ್ಲಿನಲ್ಲಿ ಕಲ್ಲು ಹತ್ತಲು ಕಲಿಸಿದರು. ಒಬ್ಬ ಅಪ್ಪ, ಒಬ್ಬ ಮಗ, ಹಿತ್ತಿಲು. ನಿಮ್ಮಲ್ಲಿ ಮೂರೂ ಇವೆ.

ಆದ್ದರಿಂದ ಯುರೋಪೂ ಬೇಡ, 450ಯೂ ಬೇಡ. ಆರ್‌ಎಕ್ಸ್ 100 ಇಳಿಸಿ. ನೂರು ಕಿಲೋ ಆಸುಪಾಸಿನ ಗಾಡಿ, ಬಿದ್ದರೆ ಒಬ್ಬನೇ ಎತ್ತಬಹುದು. 1996ರಲ್ಲಿ ನಿಂತುಹೋದರೂ ಅದರ ಹೊಟ್ಟೆ ಬಿಚ್ಚಲು ಬಾರದ ಮೆಕ್ಯಾನಿಕ್ ನಮ್ಮ ಜಿಲ್ಲೆಯಲ್ಲಿಲ್ಲ. ದೋಷವಿಲ್ಲವೆಂದಲ್ಲ. ಅದರ ಎಂಜಿನ್ನಿಗೆ ಮೇಲಿನ ವೇಗದಲ್ಲೇ ಜೀವ, ತೀರಾ ಕೆಳಗೆ ಮುಗ್ಗರಿಸಿ ಆಫ್ ಆಗುತ್ತದೆ. ನಿಧಾನದಲ್ಲೂ ಎಳೆಯುವ ಹಾಗೆ ಹಿಂದಿನ ಸ್ಪ್ರಾಕೆಟ್, ಅಂದರೆ ಚೈನು ಕೂರುವ ಹಲ್ಲಿನ ಚಕ್ರ, ದೊಡ್ಡದು ಹಾಕಿಸಿ, ಚೈನು ಅದಕ್ಕೆ ತಕ್ಕ ಉದ್ದದ್ದು. ಅಗಲದ ಹ್ಯಾಂಡಲ್ ಇರಲಿ, ನಿಂತೇ ಓಡಿಸಬೇಕು. ಕ್ಲಚ್ಚನ್ನು ಒಂದೇ ಬೆರಳಿನಲ್ಲಿ ಎಳೆಯುವಷ್ಟು ಹಗುರ ಮಾಡಿಸಿ. ದೀಪ, ನಂಬರ್ ಪ್ಲೇಟು ಕೀಳಬೇಡಿ, ಸೋಮವಾರ ಅದೇ ಗಾಡಿಯಲ್ಲಿ ಸೊಸೈಟಿಗೆ ಹೋಗಬೇಕು. ಟ್ರಯಲ್ಸ್ ಬೈಕಿನವರು ಟ್ಯೂಬಿಲ್ಲದ ಹಿಂದಿನ ಟೈರಿಗೆ ನಾಲ್ಕೈದು ಪಿಎಸ್‌ಐ ಗಾಳಿ ಇಡುತ್ತಾರೆಂದು ಮಗ ವಿಡಿಯೊ ತೋರಿಸುತ್ತಾನೆ. ನಿಮ್ಮದು ಟ್ಯೂಬ್ ಟೈರು. ಟೈರನ್ನು ರಿಮ್ಮಿಗೆ ಬಿಗಿದು ಹಿಡಿಯುವ ರಿಮ್ ಲಾಕ್ ಇಲ್ಲದೆ ಅಷ್ಟು ಇಳಿಸಿದರೆ ಟೈರು ರಿಮ್ಮಿನ ಮೇಲೆ ಜಾರಿ ವಾಲ್ವ್ ಕಿತ್ತು ಬರುತ್ತದೆ.

ಜಾಗಕ್ಕೆ ನಿಮ್ಮದೇ ಬ್ಯಾಣದ ಹುಲ್ಲುಗಾವಲು ಸಾಕು. ರಿಸರ್ವ್ ಫಾರೆಸ್ಟಿನೊಳಗೆ, ಕೊಡಚಾದ್ರಿಯ ಹುಲ್ಲಿನ ಮೇಲೆ ಚಕ್ರ ಇಟ್ಟ ಸುದ್ದಿ ನನಗೆ ಬಂದರೆ ಮುಂದಿನ ಸಂಚಿಕೆಯಲ್ಲಿ ಹೆಸರು ಹಾಕಿಯೇ ಬರೆಯುತ್ತೇನೆ. ಕಲ್ಲುಕಣಿಯಲ್ಲಿ ಮಳೆನೀರು ನಿಂತಿರುವಷ್ಟು ದಿನ ಆ ಕಡೆ ಹೋಗಕೂಡದು. ಹೆಲ್ಮೆಟ್, ಮೊಣಕಾಲಿನ ಹತ್ತಿರದ ತನಕ ಬರುವ ಬೂಟು, ಇವೆರಡಕ್ಕೆ ಖರ್ಚು ಮಾಡಿ.

ಇನ್ನೊಂದು. ಈ ಸಲದ ಗಣಪತಿ ಹಬ್ಬಕ್ಕೆ ನಿಮ್ಮೂರಲ್ಲಿ ಸ್ಲೋ ಸೈಕಲ್ ರೇಸ್ ಮತ್ತೆ ಇಡಿಸಿ. ಇಬ್ಬರೇ ಬಂದರೆ ಇಬ್ಬರಿಗೇ ಮಾಡಿ. ಮೂರನೆಯವರಾಗಿ ನೀವೇ ಹತ್ತಿ. ಬಹುಮಾನದ ಬಕೆಟ್ಟು ಪತ್ರಿಕೆಯ ಖರ್ಚಿನಲ್ಲಿ ಕಳಿಸಿಕೊಡುತ್ತೇವೆ, ಬಣ್ಣ ಯಾವುದು ಬೇಕೆಂದು ತಿಳಿಸಿ.