ಎರಡನೆಯ ಬಿಂದಿಗೆ ಯಾರ ಕೈಯಲ್ಲಿ?

ಪ್ರಶ್ನೆ: ಎರಡನೆಯ ತರಗತಿಯ ಮಗಳಿಗೆ ಹೂಮರವಾಗುವ ಹುಡುಗಿಯ ಕಥೆ ಹೇಳುತ್ತಿರುತ್ತೇನೆ. ಹೆಣ್ಣನ್ನು ಮರ, ಭೂಮಿ, ನದಿ ಎಂದು ತೋರಿಸುವ ಮಕ್ಕಳ ಕಥೆಗಳು ಸಹಿಸಿಕೊಳ್ಳುವುದನ್ನಷ್ಟೇ ಕಲಿಸುತ್ತವೆ ಎಂದು ಪರಿಸರ ಸ್ತ್ರೀವಾದ ಓದಿಕೊಂಡ ಗೆಳತಿಯೊಬ್ಬಳು ಹೇಳಿದಳು. ಮೊನ್ನೆ ಮಗಳೂ ಕೇಳಿದಳು: "ಕೊಂಬೆ ಮುರಿದಾಗ ಅವಳು ಯಾಕೆ ಕೂಗಲಿಲ್ಲ?" ಈ ಕಥೆಯನ್ನು ಬಿಟ್ಟುಬಿಡಲೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಬಿಡಬೇಡಿ. ಗೆಳತಿಯ ಮಾತನ್ನೂ ತಳ್ಳಿಹಾಕಬೇಡಿ.

ಈ ಕಥೆಯನ್ನು ನಾನು ಕೇಳಿದ್ದು ಹೂವಿನಹಡಗಲಿಯಲ್ಲಿ, ಮಲ್ಲಿಗೆ ಕಟ್ಟುತ್ತ ಕೂತ ಅಜ್ಜಿಯ ಪಕ್ಕದಲ್ಲಿ. ಒದ್ದೆ ಬಟ್ಟೆಯ ಮೇಲೆ ಮೊಗ್ಗಿನ ರಾಶಿ, ಬಟ್ಟಲಲ್ಲಿ ನೆನೆಸಿಟ್ಟ ಬಾಳೆ ನಾರು. ಕಥೆಯ ತಂಗಿ ಅಕ್ಕನಿಗೆ ಹೇಳುತ್ತಾಳೆ: ನೆಲ ಗುಡಿಸಿ ಸಾರಿಸು, ಎರಡು ಬಿಂದಿಗೆ ನೀರು ತಾ, ನೀರಿಗೆ ಉಗುರು ಸೋಕಬಾರದು. ಒಂದನ್ನು ಸುರಿದರೆ ಮರವಾಗುತ್ತೇನೆ. ಚಿಗುರು ಮುರಿಯದೆ, ಎಲೆ ಹರಿಯದೆ ಹೂ ಬಿಡಿಸಿಕೋ. ಇನ್ನೊಂದನ್ನು ಸುರಿದರೆ ಮತ್ತೆ ಹುಡುಗಿಯಾಗುತ್ತೇನೆ. ಉಗುರಿನ ಮಾತು ಬಂದಾಗಲೆಲ್ಲ ಅಜ್ಜಿ ಕಥೆ ನಿಲ್ಲಿಸಿ ನನ್ನ ಕೈ ಎಳೆದು ನೋಡುತ್ತಿದ್ದರು. ಮೊಗ್ಗಿಗೆ ಉಗುರು ತಾಕಿದರೆ ಸಂಜೆಯ ಹೊತ್ತಿಗೆ ಅಲ್ಲಿ ಕಂದು ಗೆರೆ ಬೀಳುತ್ತದೆ, ಕೊಳ್ಳುವವರು ಮೊಳದ ಬೆಲೆ ಇಳಿಸುತ್ತಾರೆ. ಅಜ್ಜಿಯ ಮಟ್ಟಿಗೆ ಅದು ದಿನದ ಸಂಪಾದನೆಯ ಮಾತು.

ಪರಿಸರ ಸ್ತ್ರೀವಾದ ಎಂಬ ಮಾತನ್ನು 1974ರಲ್ಲಿ ಬಳಕೆಗೆ ತಂದವರು ಫ್ರಾನ್ಸಿನ ಲೇಖಕಿ ಫ್ರಾನ್ಸ್ವಾಸ್ ದೋಬೋನ್. ಹೆಣ್ಣನ್ನು ಅಂಕೆಯಲ್ಲಿಟ್ಟುಕೊಳ್ಳುವ ಕೈಯೇ ಕಾಡು, ನೆಲ, ನೀರನ್ನೂ ಅಂಕೆಯಲ್ಲಿಟ್ಟುಕೊಳ್ಳುತ್ತದೆ ಎಂಬುದು ಅದರ ತಿರುಳು. ನಮ್ಮಲ್ಲಿ ಪರಿಸರ ಹೋರಾಟಗಾರ್ತಿ ವಂದನಾ ಶಿವ 1988ರ ತಮ್ಮ ಪುಸ್ತಕದಲ್ಲಿ, ಮರಗಳನ್ನು ಅಪ್ಪಿಕೊಂಡು ಕಡಿತ ತಡೆದ ಚಿಪ್ಕೋ ಚಳವಳಿಯ ಹೆಂಗಸರನ್ನು ಮುಂದಿಟ್ಟುಕೊಂಡು ಪ್ರಕೃತಿಯನ್ನೇ ಸ್ತ್ರೀತತ್ವವಾಗಿ ಕಂಡರು. ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ 1992ರಲ್ಲಿ ಇದಕ್ಕೆ ತಕರಾರು ತೆಗೆದರು. ಎಲ್ಲ ಹೆಂಗಸರೂ ಒಂದೇ ಅಲ್ಲ. ಸೌದೆ, ಮೇವು, ನೀರು ತರುವ ಕೆಲಸ ಯಾರ ತಲೆಯ ಮೇಲಿದೆಯೋ ಕಾಡು ಅಳಿದಾಗ ಅವರಿಗೇ ಪೆಟ್ಟು. ಹೆಣ್ಣಿಗೂ ಕಾಡಿಗೂ ನಂಟು ಬೆಳೆದಿರುವುದು ದುಡಿಮೆಯಿಂದ ಎಂಬುದು ಅವರ ವಾದ. ನಾನು ಅಗರ್ವಾಲ್ ಪಕ್ಷ. ಮಲ್ಲಿಗೆಯ ಮೇಲೆ ಅಜ್ಜಿಗಿದ್ದ ಮಮತೆಯಲ್ಲಿ ಸೊಂಟನೋವೂ ಸೇರಿತ್ತು.

ಈಗ ಕಥೆಯನ್ನು ಇನ್ನೊಮ್ಮೆ ನೋಡಿ. ಎ. ಕೆ. ರಾಮಾನುಜನ್ ಇದನ್ನು ಕನ್ನಡದಲ್ಲಿ ಸಂಗ್ರಹಿಸಿ ಇಂಗ್ಲಿಷಿಗೆ ತಂದರು. ಅವರು ತೀರಿಕೊಂಡ ಮೇಲೆ, 1997ರಲ್ಲಿ ಬಂದ ಸಂಕಲನಕ್ಕೆ ಈ ಕಥೆಯದೇ ಹೆಸರು. ಮೊದಲ ಸಲ ಮರವಾಗುವುದು ಹುಡುಗಿಯದೇ ಯೋಚನೆ: ಅವ್ವ ಕೂಲಿ ಮಾಡಿ ಸೋತಿದ್ದಾಳೆ, ಹೂ ಮಾರಿದರೆ ನಾಲ್ಕು ಕಾಸು ಬರುತ್ತದೆ. ಬಿಂದಿಗೆ ಹಿಡಿದವಳು ಅಕ್ಕ. ಮದುವೆಯಾದ ಮೇಲೆ, ನನಗಾಗಿ ಮರವಾಗು ಎಂದು ಗಂಡನಾದ ರಾಜಕುಮಾರ ಹಟ ಹಿಡಿಯುತ್ತಾನೆ. ಒಲ್ಲೆ ಒಲ್ಲೆ ಎನ್ನುತ್ತಲೇ ಒಪ್ಪುತ್ತಾಳೆ. ಆಮೇಲೆ ನಾದಿನಿಯ ಸರದಿ. ತೋಟಕ್ಕೆ ಕರೆದೊಯ್ದ ಹುಡುಗಿಯರ ಗುಂಪು ಕೊಂಬೆ ಮುರಿದು, ಎಲೆ ಹರಿದು, ಎರಡನೆಯ ಬಿಂದಿಗೆಯ ನೀರನ್ನು ಹೇಗೋ ಎರಚಿ ಮನೆಗೆ ಓಡುತ್ತದೆ. ಕೈಯಿಲ್ಲದ, ಕಾಲಿಲ್ಲದ ಮುಂಡವಾಗಿ ಅವಳು ಚರಂಡಿಗೆ ಬೀಳುತ್ತಾಳೆ. ಹತ್ತಿ ಗಾಡಿಯವನೊಬ್ಬ ಎತ್ತಿಕೊಳ್ಳುತ್ತಾನೆ.

ಮುರಿದವರು ಹುಡುಗಿಯರೇ, ಗಮನಿಸಿ. ಹೆಣ್ಣಾದ ಮಾತ್ರಕ್ಕೆ ಮರದ ನೋವು ತಿಳಿಯುತ್ತದೆ ಎನ್ನುವವರಿಗೆ ಕಥೆ ಅಲ್ಲೇ ಉತ್ತರ ಕೊಟ್ಟಿದೆ. ಚಿಗುರು ಉಳಿಸಿ ಹೂ ಬಿಡಿಸುವ ರೂಢಿ ಬಡವಿಯ ಮಗಳಾದ ಅಕ್ಕನಿಗಿತ್ತು, ಅರಮನೆಯವರಿಗೆ ಎಲ್ಲಿಂದ ಬರಬೇಕು?

ಮಗಳಿಗೆ ಹೀಗೆ ಹೇಳಿ: ಮರವಾಗಿದ್ದಾಗ ಅವಳಿಗೆ ಬಾಯಿಯಿಲ್ಲ. ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಮರವಾಗುವ ಮುಂಚೆ ಹೇಳಬಹುದು, ಅಷ್ಟೇ. ಕೇಳಿಸಿಕೊಳ್ಳುವುದು ಬಿಂದಿಗೆ ಹಿಡಿದವರ ಕೆಲಸ.

ಮತ್ತೆ, ನಿದ್ದೆ ಬಂತೆಂದು ಕಥೆಯನ್ನು ಮದುವೆಗೇ ಮುಗಿಸಬೇಡಿ. ಬಹಳ ಜನ ಹಾಗೆ ಮಾಡುತ್ತಾರೆ. ಅಲ್ಲಿಗೆ ನಿಲ್ಲಿಸಿದರೆ ನಿಮ್ಮ ಗೆಳತಿ ಹೇಳಿದ್ದೇ ಸರಿ. ಕೊನೆಯಲ್ಲಿ, ಅಲೆದು ಸೊರಗಿದ ರಾಜಕುಮಾರನಿಗೆ ಅವಳ ಗುರುತು ಹತ್ತುತ್ತದೆ. ನೀರು ಸುರಿ, ಮುರಿದ ಕೊಂಬೆಯನ್ನು ಅದರದರ ಜಾಗಕ್ಕೆ ಸರಿಯಾಗಿ ಕೂಡಿಸು, ಆಮೇಲೆ ಇನ್ನೊಂದು ಬಿಂದಿಗೆ ಎಂದು ಅವಳೇ ಹೇಳಿಕೊಡುತ್ತಾಳೆ. ಅವಳ ಒಡಲಿನ ವಿಷಯದಲ್ಲಿ ಅವಳ ಮಾತು ಮತ್ತೆ ನಡೆಯುವುದು ಅಲ್ಲಿ. ನಿಧಾನವಾಗಿ ಹೇಳಿ, ಒಂದೊಂದು ಕೊಂಬೆಯನ್ನೂ ಕೂಡಿಸಿ. ನನ್ನ ಅಜ್ಜಿ ಆ ಭಾಗಕ್ಕೆ ಒಂದಿಡೀ ಮೊಳ ಹೂ ಕಟ್ಟುತ್ತಿದ್ದರು.

ಪ್ರಶ್ನೆ: ಹುಡುಗನೊಬ್ಬನಿಗೆ ಹಣ್ಣು, ಕೊಂಬೆ, ಕಾಂಡ ಎಲ್ಲವನ್ನೂ ಕೊಟ್ಟು ಬೊಡ್ಡೆಯಾಗಿ ಉಳಿಯುವ ಮರದ ಇಂಗ್ಲಿಷ್ ಚಿತ್ರಪುಸ್ತಕವೊಂದಿದೆ, ಶೆಲ್ ಸಿಲ್ವರ್‌ಸ್ಟೀನ್ ಅವರದು, 1964ರದು. ಅದನ್ನು ತರಗತಿಯಲ್ಲಿ ಕನ್ನಡದಲ್ಲಿ ಹೇಳಬೇಕೆಂದಿದ್ದೇನೆ. ಮೂಲದಲ್ಲಿ ಮರ 'ಅವಳು'. ನಾನು ಏನೆನ್ನಲಿ?
— ಶಿಕ್ಷಕರೊಬ್ಬರು, ಸಿಂಧನೂರು

ಉತ್ತರ: 'ಅದು' ಎನ್ನಿ. ಪುಣ್ಯಕ್ಕೆ ನಮ್ಮ ವ್ಯಾಕರಣದಲ್ಲಿ ಮರ ನಪುಂಸಕಲಿಂಗ. ಪಾಠ ಮಾಡುತ್ತಿದ್ದ ಕಾಲದಲ್ಲಿ ನಾನೂ ಒಮ್ಮೆ 'ಅವಳು' ಎಂದು ಹೇಳಿ ನೋಡಿದ್ದೆ. ಮರ ಅಂದರೆ ಅಮ್ಮ ಎಂದು ಮಕ್ಕಳು ಒಂದೇ ಉಸಿರಿಗೆ ತೀರ್ಮಾನಿಸಿದರು. ಅಮ್ಮ ಕೊಡುವುದರಲ್ಲಿ ಅವರಿಗೆ ಕೇಳುವಂಥದ್ದು ಏನೂ ಕಾಣಲಿಲ್ಲ. ಮರು ವರ್ಷ 'ಅದು' ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಅವನು ಅದಕ್ಕೆ ಒಂದು ದಿನವಾದರೂ ನೀರು ಹಾಕಿದನೇ, ಟೀಚರ್?" ಎಂದು ಕೇಳಿದಳು.