ಪ್ರೆಸ್ಸಿಗೆ ಕಡತ ಕಳುಹಿಸಲು ಯಾವ ತಂತ್ರಾಂಶ?

ಪ್ರಶ್ನೆ: ನಮ್ಮದು ಉಡುಪಿಯ ಸಣ್ಣ ಸ್ಟುಡಿಯೋ. ಮದುವೆ ಆಲ್ಬಮ್‌ಗಳನ್ನೂ ಯಕ್ಷಗಾನ ಮೇಳಗಳ ಕರಪತ್ರಗಳನ್ನೂ ವಿನ್ಯಾಸ ಮಾಡಿ, ಮಂಗಳೂರಿನ ಪ್ರೆಸ್ಸಿನ ಸರ್ವರ್‌ಗೆ ಎಫ್‌ಟಿಪಿ (ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಕಡತ ಸಾಗಿಸುವ ವಿಧಾನ) ಮೂಲಕ ಕಳುಹಿಸುತ್ತೇವೆ. ಮಳೆಗಾಲದಲ್ಲಿ ನಡುವೆ ಕರೆಂಟು ಹೋದರೆ ದೊಡ್ಡ ಕಡತವನ್ನು ಮತ್ತೆ ಮೊದಲಿನಿಂದ ಕಳುಹಿಸಬೇಕಾಗುತ್ತದೆ. ಉಚಿತವೂ ಮುಕ್ತ ಆಕರದ್ದೂ ಆದ ಒಳ್ಳೆಯ ತಂತ್ರಾಂಶ ಯಾವುದು? ನಮ್ಮಲ್ಲಿ ವಿಂಡೋಸ್ ಕಂಪ್ಯೂಟರ್‌ಗಳೂ ಒಂದು ಮ್ಯಾಕ್ ಕೂಡ ಇವೆ.
– ಓದುಗರು, ಉಡುಪಿ

ಉತ್ತರ: ತಂತ್ರಾಂಶವನ್ನು ಆರಿಸುವ ಮೊದಲು ಎಫ್‌ಟಿಪಿಯನ್ನೇ ಮುಂದುವರಿಸಬೇಕೇ ಎಂಬುದನ್ನು ದಯವಿಟ್ಟು ಯೋಚಿಸಿ. ಈ ವಿಧಾನದ ಮೊದಲ ನಿರೂಪಣೆಯನ್ನು 1971ರಲ್ಲಿ ಬರೆದವರು ಕಾನ್ಪುರ ಐಐಟಿಯಲ್ಲಿ ಓದಿ ಅಮೆರಿಕದ ಎಂಐಟಿ ಸೇರಿದ್ದ ಅಭಯ್ ಭೂಷಣ್. ಕೆಲವೇ ಸಂಸ್ಥೆಗಳ ಕಂಪ್ಯೂಟರ್‌ಗಳು ಒಂದಕ್ಕೊಂದು ಜೋಡಣೆಯಾಗಿದ್ದ ಆ ಕಾಲಕ್ಕೆ ಅದು ಸಾಕಾಗಿತ್ತು. ಆದರೆ ಇಂದಿಗೂ ಸಾದಾ ಎಫ್‌ಟಿಪಿಯಲ್ಲಿ ನಿಮ್ಮ ಪಾಸ್‌ವರ್ಡ್ ಮತ್ತು ಗಿರಾಕಿಗಳ ಫೋಟೋಗಳು ಯಾವ ಮರೆಯೂ ಇಲ್ಲದೆ ಸಾಗುತ್ತವೆ. ಕ್ರೋಮ್ ಮತ್ತು ಫೈರ್‌ಫಾಕ್ಸ್ ಬ್ರೌಸರ್‌ಗಳು 2021ರಲ್ಲಿಯೇ ಎಫ್‌ಟಿಪಿಯನ್ನು ಕೈಬಿಟ್ಟಿವೆ. ಆದ್ದರಿಂದ ಎಸ್‌ಎಫ್‌ಟಿಪಿ ಸೌಲಭ್ಯವಿದೆಯೇ ಎಂದು ಪ್ರೆಸ್ಸಿನವರನ್ನು ಕೇಳಿ. ಅದು ಸಾಮಾನ್ಯವಾಗಿ ಸರ್ವರ್‌ನ 22ನೇ ಪೋರ್ಟ್‌ನಲ್ಲಿ (ಸಂಪರ್ಕ ದ್ವಾರದಲ್ಲಿ) ನಡೆಯುತ್ತದೆ ಮತ್ತು ಪಾಸ್‌ವರ್ಡ್, ಕಡತ ಎರಡನ್ನೂ ಗೂಢಲಿಪಿಯಲ್ಲಿ ಸಾಗಿಸುತ್ತದೆ. ಅದಿಲ್ಲದಿದ್ದರೆ ಎಫ್‌ಟಿಪಿಗೇ ಗೂಢಲಿಪಿಯ ರಕ್ಷಣೆ ಸೇರಿಸಿದ ಎಫ್‌ಟಿಪಿಎಸ್ ಆದರೂ ಇರಲೇಬೇಕು.

ವಿಂಡೋಸ್‌ಗೆ ನನ್ನ ಆಯ್ಕೆ ವಿನ್‌ಎಸ್‌ಸಿಪಿ. ನಿಮ್ಮ ಕರೆಂಟಿನ ತೊಂದರೆಯೇ ಇದಕ್ಕೆ ಮುಖ್ಯ ಕಾರಣ: ಎಸ್‌ಎಫ್‌ಟಿಪಿಯಲ್ಲಿ 100 ಕೆಬಿಗಿಂತ ದೊಡ್ಡ ಕಡತವನ್ನು ಅದು ಮೊದಲು 'ಫೈಲ್‌ಪಾರ್ಟ್' ಎಂಬ ಬಾಲವಿರುವ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿ ತಲುಪಿದ ಮೇಲಷ್ಟೇ ನಿಜವಾದ ಹೆಸರನ್ನು ಕೊಡುತ್ತದೆ. ನಡುವೆ ಸಂಪರ್ಕ ಕಡಿದರೆ ನಿಂತಲ್ಲಿಂದ ಮುಂದುವರಿಸಬಹುದು. ಅರ್ಧ ಬಂದ ಕಡತವನ್ನೇ ಪೂರ್ಣವೆಂದು ತಿಳಿದು ಪ್ರೆಸ್ಸಿನವರು ಮುದ್ರಣಕ್ಕೆ ಹಾಕುವ ಅಪಾಯವೂ ತಪ್ಪುತ್ತದೆ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಇದಕ್ಕೆ ಬೆಲೆಯಿದೆ, ಅದರ ಸ್ವಂತ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ.

ಮ್ಯಾಕ್‌ಗೆ ಸೈಬರ್‌ಡಕ್ ಸಾಕು. ಎರಡೂ ಕಡೆ ಒಂದೇ ತಂತ್ರಾಂಶ ಬೇಕೆಂದರೆ 2001ರಿಂದ ಬೆಳೆದು ಬಂದಿರುವ ಫೈಲ್‌ಜಿಲ್ಲಾ ಇದೆ. ಅದರ ವಿಂಡೋಸ್ ಇನ್‌ಸ್ಟಾಲರ್‌ನಲ್ಲಿ ಬೇರೆ ತಂತ್ರಾಂಶಗಳನ್ನೂ ಹಾಕಿಕೊಳ್ಳುವಂತೆ ಪ್ರಾಯೋಜಿತ ಆಹ್ವಾನ ಬರುವುದುಂಟು. ಪ್ರತಿ ಪರದೆಯನ್ನೂ ಓದಿ ಅದನ್ನು ನಿರಾಕರಿಸಿ. ಸ್ಟುಡಿಯೋದ ಕಂಪ್ಯೂಟರ್‌ನಲ್ಲಿ ನಾಲ್ಕಾರು ಜನ ಕೆಲಸ ಮಾಡುವುದಾದರೆ, ಉಳಿಸಿಟ್ಟ ಪಾಸ್‌ವರ್ಡ್‌ಗಳಿಗೆ ರಕ್ಷಣೆಯಾಗಿ ಮಾಸ್ಟರ್ ಪಾಸ್‌ವರ್ಡ್ ಹಾಕಿಡಿ. ಈ ಮೂರೂ ತಂತ್ರಾಂಶಗಳು ಜಿಪಿಎಲ್ ಎಂಬ ಮುಕ್ತ ಆಕರ ಪರವಾನಗಿಯವು, ಅಂದರೆ ಇವುಗಳ ಆಕರ ಸಂಕೇತವನ್ನು (ಸೋರ್ಸ್ ಕೋಡ್) ಯಾರು ಬೇಕಾದರೂ ಪರಿಶೀಲಿಸಬಹುದು. ಕೇವಲ 'ಉಚಿತ' ಎಂದು ಹೇಳಿಕೊಳ್ಳುವ ತಂತ್ರಾಂಶಕ್ಕೆ ಈ ಗುಣವಿರಬೇಕೆಂದಿಲ್ಲ.

ಮೊದಲ ಸಲ ಸಂಪರ್ಕಿಸುವಾಗ ಸರ್ವರ್‌ನ ಗುರುತು ಹೇಳುವ ಬೆರಳಚ್ಚು (ಫಿಂಗರ್‌ಪ್ರಿಂಟ್) ಎಂದು ಅಕ್ಷರಗಳ ಒಂದು ಸಾಲು ಕಾಣಿಸುತ್ತದೆ. ಅವಸರದಲ್ಲಿ ಒಪ್ಪಿಗೆ ಒತ್ತದೆ, ಪ್ರೆಸ್ಸಿಗೆ ಫೋನ್ ಮಾಡಿ ಅದನ್ನು ತಾಳೆ ನೋಡಿ.

ಪ್ರಶ್ನೆ: ಮನೆಯಲ್ಲೇ ಫೋನಿನಿಂದ ಲ್ಯಾಪ್‌ಟಾಪ್‌ಗೆ ಫೋಟೋ ಕಳುಹಿಸಲು ಇವೇ ಬೇಕೇ?
– ಓದುಗರು, ಮಂಗಳೂರು

ಉತ್ತರ: ಬೇಕಿಲ್ಲ. ಎರಡೂ ಒಂದೇ ವೈಫೈಯಲ್ಲಿದ್ದರೆ ಲೋಕಲ್‌ಸೆಂಡ್ ಎಂಬ ಮುಕ್ತ ತಂತ್ರಾಂಶ ಸಾಕು. ಅದಕ್ಕೆ ಖಾತೆಯೂ ಬೇಡ, ಇಂಟರ್‌ನೆಟ್ಟೂ ಬೇಡ. ಎರಡು ಕಂಪ್ಯೂಟರ್‌ಗಳ ಫೋಲ್ಡರ್‌ಗಳು ಸದಾ ಒಂದೇ ರೀತಿ ಇರಬೇಕೆಂದರೆ ಸಿಂಕ್‌ಥಿಂಗ್ ಬಳಸಿ, ಆದರೆ ಅದನ್ನು ಬ್ಯಾಕಪ್ ಎಂದು ನಂಬಬೇಡಿ: ಒಂದು ಕಡೆ ಅಳಿಸಿದ ಫೋಟೋ ಇನ್ನೊಂದು ಕಡೆಯೂ ಅಳಿಯುತ್ತದೆ. ಹಳೆಯ ಪ್ರತಿಗಳನ್ನು ಉಳಿಸಿಡುವ ಆಯ್ಕೆ ಅದರಲ್ಲಿದ್ದು, ಪ್ರತಿ ಫೋಲ್ಡರ್‌ಗೂ ನೀವೇ ಅದನ್ನು ಚಾಲನೆ ಮಾಡಬೇಕು.