ಚೀನಾ ಬದಲಾಗಿದ್ದು ಡೆಂಗ್ ಒಬ್ಬರಿಂದಲೇನಾ?

ಮಾವೋ ನಂತರ ಚೀನಾವನ್ನು ಮುನ್ನಡೆಸಿದ ಡೆಂಗ್ ಶಿಯಾವೋಪಿಂಗ್ ಇಲ್ಲದಿದ್ದರೆ ಆ ದೇಶ ಇವತ್ತಿಗೂ ಬಡ ದೇಶವಾಗಿಯೇ ಇರುತ್ತಿತ್ತಾ, 1978ರ ನಂತರದ ಆರ್ಥಿಕ ಸುಧಾರಣೆಯೆಲ್ಲ ಅವರೇ ಹಾಕಿದ ಯೋಜನೆಯಾ ಅಂತ ಕೇಳಿದ್ದೀರಿ. ಅವರ ಪಾತ್ರ ದೊಡ್ಡದು, ಒಪ್ಪುತ್ತೇನೆ. ಆದರೆ ಮೊದಲು ಧೈರ್ಯ ಮಾಡಿದವರು ಹಸಿದ ರೈತರು. ನಾನು ಬೇಸಾಯದ ಮನೆಯಲ್ಲಿ ಬೆಳೆದವನು. ಅದಕ್ಕೇ ಇರಬೇಕು, ಈ ಇತಿಹಾಸ ಓದುವಾಗೆಲ್ಲ ನನ್ನ ಮನಸ್ಸು ಬೀಜಿಂಗ್‌ಗಿಂತ ಜಾಸ್ತಿ ಅನ್ಹುಯಿ ಪ್ರಾಂತ್ಯದ ಶಿಯಾವೋಗಾಂಗ್ ಅನ್ನುವ ಪುಟ್ಟ ಹಳ್ಳಿಯ ಕಡೆಗೆ ಹೋಗುತ್ತದೆ.

1958ರಿಂದ ಚೀನಾದ ಹಳ್ಳಿಗಳೆಲ್ಲ ಕಮ್ಯೂನ್‌ಗಳು, ಅಂದರೆ ಎಲ್ಲರೂ ಒಟ್ಟಾಗಿ ಬೇಸಾಯ ಮಾಡುವ ಘಟಕಗಳು ಆಗಿದ್ದವು. ಹೊಲ, ಎತ್ತು, ನೇಗಿಲು ಯಾವುದೂ ಸ್ವಂತದ್ದಲ್ಲ. ದಿನದ ಕೆಲಸಕ್ಕೆ ಇಷ್ಟು ಅಂಕ ಅಂತ ಬರೆದುಕೊಳ್ಳುತ್ತಿದ್ದರು, ಆ ಅಂಕದ ಮೇಲೆ ಪಾಲು ಸಿಗುತ್ತಿತ್ತು. ಮೈ ಮುರಿದು ದುಡಿದವನಿಗೂ ಬದುವಿನ ಮೇಲೆ ಕೂತವನಿಗೂ ಹೆಚ್ಚುಕಮ್ಮಿ ಅಷ್ಟೇ ಅಂಕ. ಹಾಗಿದ್ದರೆ ಯಾರು ತಾನೇ ಮನಸ್ಸಿಟ್ಟು ಕಳೆ ಕೀಳುತ್ತಾರೆ? 1959ರಿಂದ 61ರವರೆಗಿನ ಭೀಕರ ಕ್ಷಾಮದಲ್ಲಿ ಕೋಟಿಗಟ್ಟಲೆ ಜನ ಸತ್ತರು. ಅತಿ ಹೆಚ್ಚು ನೊಂದ ಪ್ರಾಂತ್ಯಗಳಲ್ಲಿ ಅನ್ಹುಯಿ ಒಂದು. ಆಮೇಲೂ ಶಿಯಾವೋಗಾಂಗ್‌ನ ಜನ ವರ್ಷದ ಕೆಲವು ತಿಂಗಳು ಊರೂರು ತಿರುಗಿ ಭಿಕ್ಷೆ ಬೇಡುತ್ತಿದ್ದರು.

1978ರ ಕೊನೆಯಲ್ಲಿ ಆ ಹಳ್ಳಿಯ 18 ಜನ ಒಂದು ಗುಡಿಸಲಲ್ಲಿ ಗುಟ್ಟಾಗಿ ಸೇರಿ ಒಂದು ಕಾಗದ ಬರೆದರು. ಹೊಲವನ್ನು ಮನೆಮನೆಗೆ ಹಂಚಿಕೊಳ್ಳುವುದು. ಸರ್ಕಾರಕ್ಕೆ ಕೊಡಬೇಕಾದ ಧಾನ್ಯ ಕೊಟ್ಟು, ಉಳಿದದ್ದನ್ನು ಮನೆಗೆ ಇಟ್ಟುಕೊಳ್ಳುವುದು. ಇದರಿಂದ ಮುಂದಾಳುಗಳು ಜೈಲಿಗೆ ಹೋದರೆ, ಅವರ ಮಕ್ಕಳಿಗೆ 18 ವರ್ಷ ತುಂಬುವವರೆಗೆ ಉಳಿದವರು ಸಾಕುವುದು. ಈ ಕೊನೆಯ ಮಾತು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಹೊಲ ಹಂಚಿಕೊಳ್ಳುವ ಮುಂಚೆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಮಾತಾಡಿಕೊಳ್ಳಬೇಕಾದರೆ, ಅವರ ಭಯ ಎಷ್ಟಿರಬೇಡ!

ಮರುವರ್ಷ ಸುಮಾರು 66 ಟನ್ ಧಾನ್ಯ ಬೆಳೆಯಿತು. ಅದಕ್ಕೂ ಮುಂಚೆ, 1966ರಿಂದ 70ರವರೆಗೆ, ಐದು ವರ್ಷ ಸೇರಿಸಿದರೆ ಬರುತ್ತಿದ್ದ ಬೆಳೆ ಅದು. ಅದೇ ಹೊಲ, ಅದೇ ಜನ.

ಅನ್ಹುಯಿಯಲ್ಲಿ ಹೀಗೆ ಮಾಡಿದ್ದು ಇದೊಂದೇ ಹಳ್ಳಿ ಅಲ್ಲ. 1978ರಲ್ಲೇ ಬರ ಬಿದ್ದಾಗ ಫೆಯಿಶಿ ಕೌಂಟಿಯಲ್ಲೂ ರೈತರು ಹೊಲ ಹಂಚಿಕೊಂಡಿದ್ದರು. 1961ರಲ್ಲೂ ಇಂಥದ್ದೇ ಪದ್ಧತಿ ಪ್ರಾಂತ್ಯದಲ್ಲಿ ಹಬ್ಬಿತ್ತು, ಮಾವೋ ಅದನ್ನು ನಿಲ್ಲಿಸಿದರು. ಈ ಸಲ ಪ್ರಾಂತ್ಯದ ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥರಾಗಿದ್ದ ವಾನ್ ಲಿ ರೈತರ ಬೆನ್ನಿಗೆ ನಿಂತರು.

ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲೇ. ಸುಧಾರಣೆ ಶುರುವಾಯಿತು ಅಂತ ಎಲ್ಲರೂ ಹೇಳುವ, ಪಕ್ಷದ 1978ರ ಡಿಸೆಂಬರ್ ಸಭೆ ಇದೆಯಲ್ಲ, ಆ ಸಭೆಯ ಕೃಷಿ ಕರಡಿನಲ್ಲಿ ಹೊಲವನ್ನು ಮನೆಮನೆಗೆ ವಹಿಸಿಕೊಡುವಂತಿಲ್ಲ ಅಂತಲೇ ಬರೆದಿತ್ತು! ಡೆಂಗ್ ಈ ಹಳ್ಳಿಗಳ ಕೆಲಸವನ್ನು ಮೆಚ್ಚಿ ಮಾತಾಡಿದ್ದು 1980ರ ಮೇ ತಿಂಗಳಲ್ಲಿ. ಅದನ್ನು ಪಕ್ಷ ಪೂರ್ತಿಯಾಗಿ ಒಪ್ಪಿದ್ದು 1982ರಲ್ಲಿ. ರೈತರು ಮುಂದೆ ಹೋದರು, ಕಾಗದಪತ್ರ ಹಿಂದೆ ಬಂತು.

1978ರಲ್ಲಿ ಸುಮಾರು 30 ಕೋಟಿ ಟನ್ ಇದ್ದ ದೇಶದ ಧಾನ್ಯ 1984ಕ್ಕೆ 40 ಕೋಟಿ ಟನ್ ದಾಟಿತು. ಇದಕ್ಕೆ ಹೊಲ ಹಂಚಿದ್ದೊಂದೇ ಕಾರಣ ಅಲ್ಲ. 1979ರಲ್ಲಿ ಸರ್ಕಾರ ಧಾನ್ಯದ ಖರೀದಿ ಬೆಲೆ ಏರಿಸಿತು. ಗೊಬ್ಬರ, ಹೈಬ್ರಿಡ್ ಭತ್ತ ಕೂಡ ಬಂದಿದ್ದವು. ಇನ್ನೊಂದು ವಿಷಯ, ಹೊಲ ರೈತನ ಹೆಸರಿಗೆ ಆಗಲಿಲ್ಲ. ಮೊದಲು 15, ಆಮೇಲೆ 30 ವರ್ಷ ಉಳುವ ಹಕ್ಕು ಮಾತ್ರ ಸಿಕ್ಕಿತು.

ಹಾಗಂತ ಡೆಂಗ್ ಅವರ ಪಾಲು ಸಣ್ಣದಲ್ಲ. ಅವರು ತಡೆಯಬಹುದಿತ್ತು, ತಡೆಯಲಿಲ್ಲ. ಹೊಲದಲ್ಲಿ ಕೈ ಬಿಡುವಾದ ಜನ ಹಳ್ಳಿಗಳಲ್ಲೇ ಸಣ್ಣಪುಟ್ಟ ಕಾರ್ಖಾನೆ ತೆರೆದರು. 1987ರಲ್ಲಿ ಯುಗೊಸ್ಲಾವಿಯಾದ ಅತಿಥಿಗಳ ಮುಂದೆ ಡೆಂಗ್ ಆ ಕಾರ್ಖಾನೆಗಳ ಬಗ್ಗೆ ಮಾತಾಡಿದರು. ಇದನ್ನು ನಾವು ಊಹಿಸಿಯೇ ಇರಲಿಲ್ಲ, ಇದು ಕೇಂದ್ರ ಸರ್ಕಾರದ ಸಾಧನೆ ಅಲ್ಲ ಅಂತ ಅವರೇ ಒಪ್ಪಿಕೊಂಡರು.